ಕಡತದಿಂದ ನೋಟ್ಸಿನವರೆಗೆ: ಬಾರಾಮಹಲಿನ ಕಿವಿ ಮತ್ತು ಕೈ

ನಮ್ಮ ಶಾಲೆಯ ಹಳೆಯ ಅಡ್ಮಿಷನ್ ರಿಜಿಸ್ಟರ್ ತೆರೆದರೆ ಒಂದು ತಮಾಷೆ ಕಾಣುತ್ತದೆ. ಅಜ್ಜನ ಹೆಸರಿನ ಮುಂದೆ ಸೇಲಂ ಜಿಲ್ಲೆ ಎಂದಿದೆ. ಮಗನ ಹೆಸರಿನ ಮುಂದೆ ಧರ್ಮಪುರಿ ಜಿಲ್ಲೆ. ಮೊಮ್ಮಗಳ ಹೆಸರಿನ ಮುಂದೆ ಕೃಷ್ಣಗಿರಿ ಜಿಲ್ಲೆ. ಮೂವರೂ ಹುಟ್ಟಿದ್ದು ಒಂದೇ ಮನೆಯಲ್ಲಿ, ನೀರು ಸೇದಿದ್ದು ಒಂದೇ ಬಾವಿಯಲ್ಲಿ! 1965ರ ಅಕ್ಟೋಬರ್ 2ರಂದು ಸೇಲಂ ಒಡೆದು ಧರ್ಮಪುರಿ ಜಿಲ್ಲೆಯಾಯಿತು, 2004ರ ಫೆಬ್ರವರಿ 9ರಂದು ಧರ್ಮಪುರಿ ಒಡೆದು ಕೃಷ್ಣಗಿರಿ ಜಿಲ್ಲೆಯಾಯಿತು. ಜಿಲ್ಲೆ ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಇಂದಿಗೂ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಸುತ್ತವೆ.

ಇಂಥ ಒಂದು ಮನೆಯ ಹುಡುಗಿ ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ಟೂ ಮುಗಿಸಿ, ವಾಣಿಜ್ಯ ಪದವಿಗೆಂದು ಕಾಲೇಜಿಗೆ ಹೋದಳು. ದೀಪಾವಳಿ ರಜೆಗೆ ಬಂದಾಗ ನೋಟ್‌ಬುಕ್ ಹಿಡಿದುಕೊಂಡು ನಮ್ಮ ಹತ್ತಿರ ಬಂದಳು. ಪುಟದ ತುಂಬ ಕನ್ನಡ ಅಕ್ಷರ. ಓದಲು ಹೋದರೆ ಅದು ಕನ್ನಡವಲ್ಲ! 'ಡಿಪ್ರಿಸಿಯೇಷನ್ ಈಸ್ ದ ಗ್ರಾಜುಯಲ್' ಎಂದು ಶುರುವಾಗಿ ಅರ್ಧಕ್ಕೇ ನಿಂತುಹೋಗಿತ್ತು. ಮುಂದಿನ ಸಾಲು ಬೇರೆಲ್ಲಿಂದಲೋ ಶುರುವಾಗಿ ಅದೂ ಅರ್ಧ. ಮೇಷ್ಟರ ಬಾಯಿಂದ ಬಂದ ಇಂಗ್ಲಿಷ್ ಸದ್ದನ್ನು ಕೈ ಓಡಿದಷ್ಟು ದೂರ ಹಿಡಿದು, ಕೈ ಸೋತಲ್ಲಿ ಬಿಟ್ಟಿದ್ದಳು.

"ಬರೆದಿದ್ದೆಲ್ಲಾ ಅಲ್ಲೇ ಐತೆ ಸಾರ್, ಏನಂತ ಮಾತ್ರ ಗೊತ್ತಾಗಲ್ಲ" ಎಂದಳು.

ಜೊತೆಯಲ್ಲಿ ಬಂದಿದ್ದ ಅಪ್ಪ ಅದಾಗಲೇ ತೀರ್ಮಾನ ಮಾಡಿಕೊಂಡಿದ್ದರು. "ಸಾಕು ಸಾರ್ ಓದ್ಸಿದ್ದು. ಮಂಡಿ ಲೆಕ್ಕಾನಾದ್ರೂ ನೋಡ್ಕೊಳ್ಳಲಿ."

ಅದೇ ನೋಟ್‌ಬುಕ್ಕನ್ನು ಹಿಂದುಮುಂದಾಗಿ ತಿರುಗಿಸಿದಾಗ ಸಿಕ್ಕಿದ್ದು ನಮ್ಮನ್ನು ನಿಲ್ಲಿಸಿತು. ಕೊನೆಯ ಪುಟಗಳಲ್ಲಿ ಆಕೆ ರಾಯಕೋಟೆಯ ಟೊಮೇಟೊ ಮಂಡಿಯ ಲೆಕ್ಕ ಬರೆದಿದ್ದಳು. ಎಷ್ಟು ಕ್ರೇಟು, ಏನು ದರ, ಕಮಿಷನ್ ಎಷ್ಟು, ಟೆಂಪೋ ಬಾಡಿಗೆ ಎಷ್ಟು, ಯಾರ ಬಾಕಿ ಎಷ್ಟು... ಒಂದು ಚಿತ್ತಿಲ್ಲ, ಒಂದು ಗೊಂದಲವಿಲ್ಲ. ಅಲ್ಲಿ ಕೂಗುವವರು ತಮಿಳಿನಲ್ಲಿ ಕೂಗುತ್ತಾರೆ, ಚೌಕಾಸಿ ತೆಲುಗಿನಲ್ಲಿ ನಡೆಯುತ್ತದೆ, ಗಲಾಟೆಯಂತೂ ಹೇಳತೀರದು. ಅಷ್ಟರ ನಡುವೆ ನಿಂತು ಕೇಳಿ, ಬೇಕಾದ್ದನ್ನಷ್ಟೇ ಹೆಕ್ಕಿ, ಕನ್ನಡದಲ್ಲಿ ಬರೆದುಕೊಂಡಿದ್ದಳು. ಒಂದೇ ಹುಡುಗಿ, ಒಂದೇ ನೋಟ್‌ಬುಕ್. ಹಿಂದಿನಿಂದ ತೆರೆದರೆ ಕೇಳಿ ಬರೆದುಕೊಳ್ಳುವುದರಲ್ಲಿ ನಿಪುಣೆ, ಮುಂದಿನಿಂದ ತೆರೆದರೆ ಸೋತವಳು. ಇದು ಹೇಗೆ?

ಈ ಪ್ರಶ್ನೆ ಹಿಡಿದು ಹಿಂದೆ ಹೋದಾಗ ನಮಗೆ ತಿಳಿದದ್ದು ಇಷ್ಟು: ಒಂದು ಭಾಷೆಯಲ್ಲಿ ಕೇಳಿ ಇನ್ನೊಂದು ಭಾಷೆಯಲ್ಲಿ ಬರೆದುಕೊಳ್ಳುವುದು ನಮ್ಮ ಈ ಗಡಿನಾಡಿನ ಹಳೆಯ ಕಸುಬು. ಅದನ್ನು ನಮ್ಮ ಮಕ್ಕಳು ಮರೆತಿಲ್ಲ. ಶಾಲೆಯ ಬಾಗಿಲಲ್ಲಿ ಬಿಟ್ಟುಬರುವಂತೆ ಮಾಡಿದವರು ನಾವೇ.

ಹಳೆಯ ಸೇಲಂ ಜಿಲ್ಲೆಯನ್ನು ಕಂಪೆನಿಯ ಕಾಲದವರು ಮೂರು ಭಾಗವಾಗಿ ಹೇಳುತ್ತಿದ್ದರು. ಸೇಲಂ ಸುತ್ತಿನ ತಗ್ಗುನಾಡು ತಾಳಘಾಟ್, ಧರ್ಮಪುರಿ ಕೃಷ್ಣಗಿರಿಗಳ ಕಡೆಯದು ಬಾರಾಮಹಲ್, ಘಟ್ಟದ ಮೇಲಿನ ಹೊಸೂರು ಸೀಮೆ ಬಾಲಾಘಾಟ್. ಮೊದಲೆರಡು 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಕೈಯಿಂದ ಕಂಪೆನಿಗೆ ಹೋದವು. ನಮ್ಮ ಬಾಲಾಘಾಟ್ 1799ರಲ್ಲಿ, ಟಿಪ್ಪು ಮಡಿದ ಮೇಲೆ ಸೇರಿತು. ಕನ್ನಡ ಬರವಣಿಗೆ ಇಲ್ಲಿಗೆ ಟಿಪ್ಪುವಿನ ಕಾಲದಲ್ಲಿ ಬಂದದ್ದಲ್ಲ. ಧರ್ಮಪುರಿ ಇನ್ನೂ ತಗಡೂರಾಗಿದ್ದ ಒಂಬತ್ತನೆಯ ಶತಮಾನದಲ್ಲೇ ನೊಳಂಬ ಮಹೇಂದ್ರನ ಕನ್ನಡ ಶಾಸನಗಳು ಅಲ್ಲಿ ಕಲ್ಲಿಗೇರಿವೆ. ಆದರೆ ಕಲ್ಲಿನ ಬರಹ ಕೊನೆಯ ಪ್ರತಿ. ಅದಕ್ಕೆ ಮುಂಚೆ ಯಾರೋ ಹೇಳಿದ್ದನ್ನು ಯಾರೋ ಕೇಳಿ ಬರೆದುಕೊಂಡಿರಬೇಕಲ್ಲ, ಆ ಕಚ್ಚಾ ಪ್ರತಿ ಏನಾಯಿತು? ಉಳಿಯಲಿಲ್ಲ. ಉಳಿಸಬೇಕೆಂದು ಬರೆದದ್ದೂ ಅಲ್ಲ.

ಕಚ್ಚಾ ಪ್ರತಿಯ ಮಾತು ಬಂದಾಗ ಕಡತದ ಬಗ್ಗೆ ಹೇಳಲೇಬೇಕು. ಇಂದು ಕರ್ನಾಟಕದ ಕಚೇರಿಗಳಲ್ಲಿ ಕಡತ ಎಂದರೆ ಫೈಲು. 'ಕಡತ ವಿಲೇವಾರಿ' ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಮೂಲದಲ್ಲಿ ಕಡತ ಎಂದರೆ ಬಟ್ಟೆಯ ಪುಸ್ತಕ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಪುಸ್ತಕದಂತೆ ಮಡಚಿ ಇಟ್ಟುಕೊಳ್ಳುತ್ತಿದ್ದರು. ಕಪ್ಪು ಬಟ್ಟೆಯ ಮೇಲೆ ಬಲಪದಿಂದ ಬರೆಯುವುದು. ಬೇಡವಾದರೆ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಮತ್ತೆ ಬಳಿದರೆ ಮತ್ತೆ ಹೊಸ ಪುಸ್ತಕ. ಶಾನುಭೋಗರು, ವರ್ತಕರು, ಮಠಗಳ ಲೆಕ್ಕದವರು ಇದನ್ನೇ ಬಳಸುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಇವತ್ತಿಗೂ ಇವೆ. ಒರೆಸಬಹುದಾದ ವಸ್ತುವಿನ ಹೆಸರು ಎಂದೂ ಒರೆಸಬಾರದ ಸರ್ಕಾರಿ ಫೈಲಿಗೆ ಹೋಗಿ ಅಂಟಿಕೊಂಡದ್ದು ಭಾಷೆಯ ಒಂದು ಚೋದ್ಯ!

ಈಗ ಹಳ್ಳಿಯ ಲೆಕ್ಕ ಬರೆಯುವವನ ಸ್ಥಿತಿ ಯೋಚಿಸಿ. ಮೈಸೂರು ಕಡೆ ಶಾನುಭೋಗ ಎನ್ನುವವನನ್ನು ನಮ್ಮ ಕಡೆ ಕರಣಂ ಎನ್ನುತ್ತಾರೆ. ಹೈದರ್ ಮತ್ತು ಟಿಪ್ಪು ಕಾಲದ ಕಂದಾಯದ ಲೆಕ್ಕ ಕನ್ನಡ, ಮರಾಠಿ, ಫಾರ್ಸಿ ಮೂರರಲ್ಲೂ ನಡೆಯುತ್ತಿತ್ತು. ರೈತ ಬಂದು ತೆಲುಗಿನಲ್ಲೋ ತಮಿಳಿನಲ್ಲೋ ತನ್ನ ಕಥೆ ಹೇಳುತ್ತಾನೆ. ಮಳೆ ಬರಲಿಲ್ಲ, ಎತ್ತು ಸತ್ತಿತು, ಹೊಲದ ಅರ್ಧ ಬೀಳು ಬಿದ್ದಿದೆ, ಅಣ್ಣನಿಗೂ ತನಗೂ ಪಾಲಾಗಿಲ್ಲ... ಇದರಲ್ಲಿ ಲೆಕ್ಕಕ್ಕೆ ಬೇಕಾದದ್ದು ಬೀಳು ಎಷ್ಟು, ಸಾಗುವಳಿ ಎಷ್ಟು, ಹೆಸರು ಯಾರದು ಎಂಬುದಷ್ಟೇ. ಎತ್ತು ಸತ್ತ ಕಥೆಯನ್ನು ಕರಣಂ ಕೇಳಿಸಿಕೊಳ್ಳುತ್ತಾನೆ, ತಲೆದೂಗುತ್ತಾನೆ, ಬರೆದುಕೊಳ್ಳುವುದಿಲ್ಲ. ಬರೆದದ್ದು ಮೊದಲು ಕಡತಕ್ಕೆ. ಆಮೇಲೆ ವಿಚಾರಿಸಿ, ತಿದ್ದಿ, ಓಲೆಗೋ ಕಾಗದಕ್ಕೋ. ಅಂಗಡಿಯವರ ಲೆಕ್ಕದಲ್ಲೂ ಇದೇ ಪದ್ಧತಿ. ದಿನದ ವ್ಯವಹಾರ ರೋಜು ಕಿರ್ದಿಗೆ, ಅಲ್ಲಿಂದ ವಿಂಗಡಿಸಿ ಖಾತೆಗೆ. ತಮಿಳುನಾಡಿನಲ್ಲಿ ಜಮೀನಿದ್ದವರಿಗೆಲ್ಲ ಗೊತ್ತಿರುವ 'ಚಿಟ್ಟಾ' ಎಂಬ ಹೆಸರೂ ಇದೇ ಲೋಕದ್ದು. ಚಿಟ್ಟಾ ಎಂದರೆ ಹಿಂದೆ ಕಚ್ಚಾ ಲೆಕ್ಕದ ಹಾಳೆ. ಪಿತ್ರಾರ್ಜಿತವಾಗಿ ಬಂದ ಕರಣಂ ಹುದ್ದೆಯನ್ನು ತಮಿಳುನಾಡು ಸರ್ಕಾರ 1980ರಲ್ಲಿ ರದ್ದು ಮಾಡಿತು. ಅದರಲ್ಲಿ ಒಳ್ಳೆಯದೂ ಇತ್ತು. ಹಳ್ಳಿಯ ಲೆಕ್ಕವೆಲ್ಲ ಒಂದೇ ಮನೆಯ ಕೈಯಲ್ಲಿದ್ದರೆ ಬಡವನ ಹೊಲ ಯಾರ ಖಾತೆಗೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯವೇ. ನಾವು ಕರಣಂನ ಗುಣಗಾನ ಮಾಡುತ್ತಿಲ್ಲ, ಅವನ ಕೈಚಳಕದ ಬಗ್ಗೆ ಹೇಳುತ್ತಿದ್ದೇವೆ.

1792ರಲ್ಲಿ ಬಾರಾಮಹಲ್ ಕೈಗೆ ಬಂದಾಗ ಗವರ್ನರ್ ಜನರಲ್ ಕಾರ್ನ್‌ವಾಲಿಸನಿಗೆ ಎದುರಾದ ತೊಂದರೆ ನಮ್ಮ ಹುಡುಗಿಯದೇ! ಮದ್ರಾಸಿನ ಸಿವಿಲ್ ಅಧಿಕಾರಿಗಳಲ್ಲಿ ಹೆಚ್ಚಿನವರಿಗೆ ಊರಿನ ಭಾಷೆ ಬರುತ್ತಿರಲಿಲ್ಲ. ರೈತ ಏನು ಹೇಳುತ್ತಾನೆ ಎಂಬುದು ದುಭಾಷಿ ಹೇಳಿದಷ್ಟೇ. ದುಭಾಷಿ ನಡುವೆ ಏನು ಸೇರಿಸಿದ, ಏನು ನುಂಗಿದ ಎಂಬುದು ದೊರೆಗೆ ತಿಳಿಯದು. ಆದ್ದರಿಂದ ಕಾರ್ನ್‌ವಾಲಿಸ್ ಸಿವಿಲ್ ಅಧಿಕಾರಿಗಳನ್ನು ಬಿಟ್ಟು, ಭಾಷೆ ಬಲ್ಲ ಸೈನ್ಯದ ಅಧಿಕಾರಿಗಳನ್ನು ಇಲ್ಲಿಗೆ ಕಳಿಸಿದ. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಮುಖ್ಯಸ್ಥ. ಅವನ ಕೈಕೆಳಗೆ ಮಕ್ಲಿಯೋಡ್, ಗ್ರಹಾಂ ಮತ್ತು ಥಾಮಸ್ ಮನ್ರೋ. ಮನ್ರೋ 1792ರಿಂದ 1799ರವರೆಗೆ ಇಲ್ಲಿದ್ದ. ಧರ್ಮಪುರಿಯಲ್ಲಿ ತೋಟ ಮಾಡಿಕೊಂಡಿದ್ದ, ಬಿಟ್ಟುಹೋಗುವಾಗ ಆ ತೋಟಕ್ಕಾಗಿ ಮರುಗಿ ಮನೆಗೆ ಕಾಗದ ಬರೆದ.

ಇವರು ಮಾಡಿದ ಕೆಲಸವೇನು? ಹೊಲ ಹೊಲ ಅಳೆದು, ಜಮೀನ್ದಾರನ ಮಧ್ಯಸ್ಥಿಕೆಯಿಲ್ಲದೆ ರೈತನೊಬ್ಬೊಬ್ಬನ ಜೊತೆ ನೇರವಾಗಿ ಕಂದಾಯ ಗೊತ್ತುಮಾಡುವುದು. ಮುಂದೆ ರೈತವಾರಿ ಪದ್ಧತಿ ಎಂದು ಹೆಸರಾದದ್ದು ಬೇರು ಬಿಟ್ಟದ್ದು ಈ ಬಾರಾಮಹಲಿನಲ್ಲಿ. ರೈತನ ಜೊತೆ ನೇರ ವ್ಯವಹಾರ ಎಂದರೆ ರೈತನ ಮಾತನ್ನು ನೇರವಾಗಿ ಕೇಳಬೇಕು, ಕೇಳಿದ್ದನ್ನು ಬರೆದಿಡಬೇಕು. ಆ ಬರಹಗಳ ರಾಶಿ ಮದ್ರಾಸಿನ ದಫ್ತರದಲ್ಲಿ ನೂರು ವರ್ಷ ಬಿದ್ದಿತ್ತು. 1907ರಿಂದ 'ಬಾರಾಮಹಲ್ ರೆಕಾರ್ಡ್ಸ್' ಎಂಬ ಹೆಸರಿನಲ್ಲಿ ಭಾಗ ಭಾಗವಾಗಿ ಅಚ್ಚಾಯಿತು. ಜನ, ಉತ್ಪನ್ನ, ಆಸ್ತಿ, ಸುಂಕ ಹೀಗೆ ತಲೆಬರಹ ಕೊಟ್ಟು ವಿಂಗಡಿಸಿದ್ದಾರೆ. ಯಾವ ಜಾತಿಯಲ್ಲಿ ಮದುವೆ ಹೇಗೆ, ಯಾವ ಹೊಲಕ್ಕೆ ಏನು ಬಿತ್ತುತ್ತಾರೆ, ಯಾವ ಕಸುಬಿನವನು ಏನು ತೆರಿಗೆ ಕೊಡುತ್ತಿದ್ದ ಎಂಬುದೆಲ್ಲ ಅಲ್ಲಿದೆ. ಇಂಗ್ಲಿಷಿನಲ್ಲಿದೆ ನಿಜ. ಆದರೆ ಅದರ ಹಿಂದಿರುವ ಬಾಯಿ ನಮ್ಮ ಮುತ್ತಾತಂದಿರದು, ನಡುವಿನ ಕಿವಿ ನಮ್ಮ ಕರಣಂಗಳದು, ಕಚೇರಿಯ ಗುಮಾಸ್ತರದು. ಪುಸ್ತಕದ ಮೇಲೆ ಅವರ ಹೆಸರಿಲ್ಲ ಅಷ್ಟೇ.

ಇದೇ ಕಾಲದಲ್ಲಿ ಕಾಲಿನ್ ಮೆಕೆಂಜಿಯ ಕೆಲಸವೂ ನಡೆಯಿತು. 1800ರಿಂದ ಮೈಸೂರು ಸೀಮೆಯನ್ನು ಅಳೆಯುತ್ತಾ ಊರೂರಿನ ಕೈಫಿಯತ್ತು ಬರೆಸಿದವನು ಅವನು. ಬರೆಸಿದವನು ಎಂದದ್ದು ಸುಮ್ಮನೆ ಅಲ್ಲ. ಊರಿನ ಹಿರಿಯರ ಮುಂದೆ ಕೂತು ಕೇಳಿ ಬರೆದವರು ಕಾವಲಿ ಬೊರಯ್ಯ, ಅವರ ತಮ್ಮ ಲಕ್ಷ್ಮಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರು. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು 1994ರಲ್ಲಿ ಪುಸ್ತಕವಾಗಿ ತಂದರು. ಓದಿ ನೋಡಿ, ಆಡುಮಾತಿನ ಜಾಡು ಇನ್ನೂ ಆರಿಲ್ಲ.

ಹಾಗಾದರೆ ಆ ಕಾಲದ ಶಾಲೆಗಳಲ್ಲಿ ಮಕ್ಕಳು ಕೇಳುವುದು ಬರೆಯುವುದು ಹೇಗಿತ್ತು? ಇದಕ್ಕೂ ಮನ್ರೋನೇ ಕಾರಣನಾಗಿ ಒಂದು ದಾಖಲೆ ಉಳಿದಿದೆ. ಬಾರಾಮಹಲಿನ ಆ ಸಹಾಯಕ ಮುಂದೆ ಮದ್ರಾಸಿನ ಗವರ್ನರ್ ಆದ. 1822ರಲ್ಲಿ ಪ್ರತಿ ಜಿಲ್ಲೆಯ ಶಾಲೆಗಳ ವಿವರ ಕಳಿಸಿ ಎಂದು ಕಲೆಕ್ಟರರಿಗೆಲ್ಲ ಬರೆದ. 1826ರಲ್ಲಿ ಒಟ್ಟು ಲೆಕ್ಕ ಹಾಕಿದಾಗ ಇಡೀ ಪ್ರಾಂತ್ಯದಲ್ಲಿ 12,498 ಶಾಲೆಗಳು. ಸೇಲಂ ಜಿಲ್ಲೆಯಿಂದ ಕಲೆಕ್ಟರ್ ಕಾಕ್‌ಬರ್ನ್ (ಏರ್ಕಾಡಿಗೆ ಕಾಫಿ ತಂದವನೆಂದು ಹೆಸರಾದವನು ಇವನೇ) ಕಳಿಸಿದ ಲೆಕ್ಕದಲ್ಲಿ 333 ಶಾಲೆಗಳಿದ್ದವು. ಆದರೆ ಪಾಠ ಹೇಗೆ ನಡೆಯುತ್ತಿತ್ತು ಎಂದು ಕಣ್ಣಿಗೆ ಕಟ್ಟುವಂತೆ ಬರೆದವನು ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್, 1823ರ ಆಗಸ್ಟಿನಲ್ಲಿ. ಬಳ್ಳಾರಿ ನಮಗೆ ದೂರ. ಆದರೂ ನಮ್ಮ ಹಾಗೆಯೇ ಕನ್ನಡ ತೆಲುಗು ಕಲೆತ ಜಿಲ್ಲೆ. ಅಲ್ಲಿದ್ದ 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಆದ್ದರಿಂದ ಆ ವರದಿಯನ್ನು ನಮ್ಮ ಕಡೆಯ ಜಗಲಿ ಶಾಲೆಗೂ ಕನ್ನಡಿ ಎಂದು ಹಿಡಿದರೆ ತಪ್ಪಾಗಲಾರದು.

ಕ್ಯಾಂಬೆಲ್ ಹೇಳುವಂತೆ ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಬರೆದು ಅಕ್ಷರ ಕಲಿಯುತ್ತಿತ್ತು. ಕೈ ಕುದುರಿದ ಮೇಲೆ ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದಲೋ ಕಾಗದದ ಮೇಲೆ ಲಾಳದ ಕಡ್ಡಿಯಿಂದಲೋ ಬರೆಯಬಹುದು. ಆ ಸೀಮೆಯಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ಹಲಗೆ ಮತ್ತು ಕಡತ. ಮೂರಡಿ ಉದ್ದದ ಹಲಗೆಗೆ ಅನ್ನ ಮತ್ತು ಇದ್ದಿಲ ಪುಡಿ ಬಳಿದರೆ ಆಯಿತು. ಕಡತಕ್ಕೆ ಗಂಜಿಯಲ್ಲಿ ಅದ್ದಿದ ಬಟ್ಟೆ, ಇದ್ದಿಲು, ಅಂಟು. ಬರೆಯಲು ಬಲಪ. ಅಂದರೆ ಶಾನುಭೋಗನ ಕೈಯಲ್ಲಿದ್ದ ಕಡತವೇ ಮಗುವಿನ ಕೈಯಲ್ಲೂ ಇತ್ತು! ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ, ಎರಡನೆಯವನಿಗೆ ಸೊನ್ನೆ, ಆಮೇಲೆ ಬಂದವರಿಗೆ ಬಂದ ಸರದಿಯ ಲೆಕ್ಕದಲ್ಲಿ ಏಟು. (ನಮ್ಮ ಶಾಲೆಯಲ್ಲಿ ಈ ಪದ್ಧತಿ ಇದ್ದಿದ್ದರೆ ನಮ್ಮಲ್ಲಿ ಕೆಲವು ಮೇಷ್ಟರ ಅಂಗೈಯೂ ಕೆಂಪಾಗುತ್ತಿತ್ತು.) ಮರಳಿನಲ್ಲಿ ಬರೆಯುವುದನ್ನು ಮದ್ರಾಸಿನ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಲ್ಲಿನ ಮಕ್ಕಳನ್ನು ನೋಡಿ ಕಲಿತು, ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ತನ್ನ ಪದ್ಧತಿಗೆ ಸೇರಿಸಿಕೊಂಡು, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಬರೆದ. ಇಂಗ್ಲೆಂಡಿನ ಬಡ ಮಕ್ಕಳೂ ಆಮೇಲೆ ಮರಳಿನಲ್ಲಿ ಅಕ್ಷರ ತಿದ್ದಿದರು.

ಇಷ್ಟೆಲ್ಲ ಮೆಚ್ಚಿ ಬರೆದ ಕ್ಯಾಂಬೆಲ್ ಒಂದು ಕಡೆ ಕಟುವಾಗುತ್ತಾನೆ. ಶಾಲೆಯಲ್ಲಿ ಹೇಳಿಕೊಡುವ ಪದ್ಯಗಳ ಭಾಷೆ ಬೇರೆ, ಜನ ಆಡುವ ಭಾಷೆ ಬೇರೆ. ಎಷ್ಟೋ ಕಡೆ ಗುರುವಿಗೇ ಅರ್ಥ ಗೊತ್ತಿಲ್ಲ. ಹುಡುಗ ನೂರಾರು ಪದ್ಯ ತಪ್ಪಿಲ್ಲದೆ ಒಪ್ಪಿಸುತ್ತಾನೆ, ಆದರೆ ಗಿಣಿಗೆ ಗೊತ್ತಿರುವಷ್ಟೇ ಅವನಿಗೂ ಗೊತ್ತು ಎನ್ನುತ್ತಾನೆ. ಪರಕೀಯನ ಬಿರುನುಡಿ ಎಂದು ತಳ್ಳಿಹಾಕಬಹುದು. ಆದರೆ ನಮ್ಮ ಹುಡುಗಿಯ ನೋಟ್‌ಬುಕ್ ನೋಡಿದ ಮೇಲೆ ನಮಗೆ ಹಾಗೆ ತಳ್ಳಿಹಾಕಲು ಮನಸ್ಸು ಬರಲಿಲ್ಲ. ಅಂದಿನ ಮಗು ಅರ್ಥವಾಗದ್ದನ್ನು ಬಾಯಲ್ಲಿ ಹಿಡಿಯಿತು, ಇಂದಿನ ಮಗು ಅರ್ಥವಾಗದ್ದನ್ನು ಕೈಯಲ್ಲಿ ಹಿಡಿಯುತ್ತಿದೆ. ವ್ಯತ್ಯಾಸ ಅಷ್ಟೇ. ಅದೂ ಒಂದು ವಿಷಯದಲ್ಲಿ ಅಂದಿನವರೇ ವಾಸಿ. ಬಾಯಲ್ಲಿ ಹಿಡಿದದ್ದು ಕಡೆಯವರೆಗೆ ಉಳಿಯಿತು, ಎಂದಾದರೊಂದು ದಿನ ಅರ್ಥ ಹೊಳೆಯುವ ಸಾಧ್ಯತೆಯಾದರೂ ಇತ್ತು. ಅರ್ಧಕ್ಕೆ ನಿಂತ ಸಾಲು ಯಾವತ್ತು ಹೊಳೆಯಬೇಕು?

ಮುಂದೆ ಕಾಲೇಜುಗಳು ಬಂದವು. ಬೆಂಗಳೂರಿನಲ್ಲಿ 1858ರಲ್ಲಿ ಹೈಸ್ಕೂಲಾಗಿ ಶುರುವಾದದ್ದು 1875ರಲ್ಲಿ ಸೆಂಟ್ರಲ್ ಕಾಲೇಜು ಎನಿಸಿಕೊಂಡಿತು. ಸೇಲಂನಲ್ಲೂ ಸರ್ಕಾರಿ ಕಾಲೇಜು ಬಂತು. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ಹೊಸೂರಿನಲ್ಲಿ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ., ಮದ್ರಾಸಿನಲ್ಲಿ ಕಾನೂನು ಓದಿ, 1900ರಲ್ಲಿ ಸೇಲಂಗೆ ಬಂದು ವಕೀಲರಾದರು. ನಮ್ಮ ಮಕ್ಕಳು ಇಂದು ಬಸ್ಸಿನಲ್ಲಿ ಹೋಗಿಬರುವ ದಾರಿಯೇ ಅದು. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಇನ್ನೆರಡು, ಕಾಲೇಜಿನಲ್ಲಿ ಇಂಗ್ಲಿಷ್. ವಕೀಲನ ಕಸುಬೂ ಕರಣಂನ ಕಸುಬಿನ ತಮ್ಮನೇ ಅಲ್ಲವೇ? ಕಕ್ಷಿದಾರ ಒಂದು ಗಂಟೆ ತಮಿಳಿನಲ್ಲಿ ಗೋಳು ಹೇಳಿಕೊಂಡದ್ದನ್ನು ಅರ್ಧ ಪುಟದ ಇಂಗ್ಲಿಷಿಗೆ ಇಳಿಸಬೇಕು.

ಆದರೆ ಕಾಲೇಜುಗಳಲ್ಲಿ ಬೆಳೆದ ಅಭ್ಯಾಸ ಬೇರೆಯಾಯಿತು. ಉಪನ್ಯಾಸಕರು ನಿಧಾನವಾಗಿ ನೋಟ್ಸ್ ಹೇಳುವುದು, ವಿದ್ಯಾರ್ಥಿಗಳು ಅಕ್ಷರ ಬಿಡದೆ ಬರೆದುಕೊಳ್ಳುವುದು, ಪರೀಕ್ಷೆಯಲ್ಲಿ ಹಾಗೆಯೇ ಇಳಿಸುವುದು. 1917ರಿಂದ 1919ರವರೆಗೆ ಮೈಕೆಲ್ ಸ್ಯಾಡ್ಲರ್ ಅಧ್ಯಕ್ಷತೆಯಲ್ಲಿ ಕೂತ ಕಲ್ಕತ್ತಾ ವಿಶ್ವವಿದ್ಯಾಲಯ ಆಯೋಗ ಇದನ್ನು ಟೀಕಿಸಿತು. ನೂರು ವರ್ಷ ದಾಟಿತು, ನೋಟ್ಸ್ ಹೇಳಿ ಬರೆಸುವುದು ನಿಂತಿಲ್ಲ. ಈ ರೋಗ ನಮ್ಮಲ್ಲಿ ಹುಟ್ಟಿದ್ದಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬೇಕಾದರೆ ಪ್ಯಾರಿಸ್ಸಿಗೆ ಹೋಗಬೇಕು. 1355ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯ ಒಂದು ನಿಯಮ ಮಾಡಿತು: ಅಧ್ಯಾಪಕರು ವಿದ್ಯಾರ್ಥಿಗಳ ಲೇಖನಿಗೆ ಎಟುಕುವಂತೆ ನಿಧಾನವಾಗಿ ಹೇಳಿ ಬರೆಸಕೂಡದು, ಮಾತಿನ ಓಟದಲ್ಲಿ ಹೇಳಬೇಕು, ಕೇಳಿದವರು ಮನಸ್ಸಿನಲ್ಲಿ ಹಿಡಿಯಬೇಕು. ಇದನ್ನು ವಿರೋಧಿಸಿ ಕೂಗಾಡಿದರೆ, ಕಲ್ಲು ತೂರಿದರೆ ಶಿಕ್ಷೆ ಎಂದೂ ಸೇರಿಸಿದರು. ಶಿಕ್ಷೆಯ ಮಾತು ಬಂದಿದೆ ಎಂದರೆ ಕಲ್ಲು ಬಿದ್ದಿರಬೇಕು! ಏಳುನೂರು ವರ್ಷದ ಹತ್ತಿರವಾಗುತ್ತಾ ಬಂತು, ವಿದ್ಯಾರ್ಥಿಗಳು 'ಸಾರ್, ನಿಧಾನ' ಎನ್ನುತ್ತಲೇ ಇದ್ದಾರೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪಾಕ್ ಎಂಬ ಅಧ್ಯಾಪಕ ಕಾಲೇಜಿನಲ್ಲಿ ಓದುವ ಬಗೆಯನ್ನು ಕುರಿತು 1962ರಲ್ಲಿ ಒಂದು ಪುಸ್ತಕ ತಂದ. ಅದರಲ್ಲಿ ಹೇಳಿದ ನೋಟ್ಸ್ ಕ್ರಮ ಇಂದು ಎಲ್ಲೆಡೆ ಹೆಸರಾಗಿದೆ. ಪುಟದ ಎಡಕ್ಕೆ ಒಂದು ಪಟ್ಟಿ ಖಾಲಿ ಬಿಡುವುದು. ತರಗತಿಯಲ್ಲಿ ಬಲಗಡೆ ಮಾತ್ರ ಚುಟುಕಾಗಿ ಬರೆಯುವುದು. ಮನೆಗೆ ಬಂದು ಓದಿ, ಎಡಗಡೆ ಮುಖ್ಯ ಪದ ಅಥವಾ ಪ್ರಶ್ನೆ ಹಾಕುವುದು. ಕೆಳಗೆ ಎರಡು ಸಾಲಿನಲ್ಲಿ ಸಾರ. ನಾವು ಇದನ್ನು ಮೊದಲು ಓದಿದಾಗ ನಕ್ಕೆವು. ಕಿರ್ದಿ ಮತ್ತು ಖಾತೆಯನ್ನು ಒಂದೇ ಪುಟದಲ್ಲಿ ಹಾಕಿದ್ದಾರೆ, ಅಷ್ಟೇ! ಕೇಳುವಾಗ ಕಚ್ಚಾ, ಆಮೇಲೆ ವಿಂಗಡಿಸಿ ಪಕ್ಕಾ. 2014ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿಕೊಳ್ಳುವವರು ಉಪನ್ಯಾಸವನ್ನು ಪದಕ್ಕೆ ಪದ ಇಳಿಸುತ್ತಾರೆ, ಅರ್ಥ ಕೇಳುವ ಪ್ರಶ್ನೆಗಳಲ್ಲಿ ಕೈಯಲ್ಲಿ ಬರೆದವರಿಗಿಂತ ಹಿಂದೆ ಬೀಳುತ್ತಾರೆ ಎಂದು ತೋರಿಸಿದರು. ಆಮೇಲೆ ಅದೇ ಪ್ರಯೋಗ ಮಾಡಿದವರಿಗೆ ಅಷ್ಟು ದೊಡ್ಡ ಅಂತರ ಕಾಣಲಿಲ್ಲ. ಆದ್ದರಿಂದ ಲ್ಯಾಪ್‌ಟಾಪನ್ನು ಬೈಯುವುದು ಬೇಡ. ಪದಕ್ಕೆ ಪದ ಇಳಿಸುವ ಚಟವನ್ನು ಬೈಯೋಣ.

ಈಗ ನಮ್ಮ ತಪ್ಪು ಒಪ್ಪಿಕೊಳ್ಳುವ ಹೊತ್ತು. ಆ ಹುಡುಗಿಯನ್ನು ಏಳು ವರ್ಷ ಓದಿಸಿದವರು ನಾವು. ಏಳು ವರ್ಷವೂ ಪ್ರಶ್ನೆಗೆ ಉತ್ತರ ಹೇಳಿ ಬರೆಸಿದೆವು. 'ಅಲ್ಪವಿರಾಮ, ಮುಂದಿನ ಸಾಲು' ಎಂದು ಕೂಡ ಹೇಳಿಕೊಟ್ಟೆವು. ಗಡಿಯಾಚೆಯ ಕನ್ನಡ ಮಾಧ್ಯಮ ಶಾಲೆಗೆ ಪುಸ್ತಕ ತಡವಾಗಿ ಬರುತ್ತದೆ, ಗೈಡು ಸಿಗುವುದಿಲ್ಲ, ಕರ್ನಾಟಕದ ಗೈಡು ನಮ್ಮ ಪಠ್ಯಕ್ಕೆ ಹೊಂದುವುದಿಲ್ಲ. ಆದ್ದರಿಂದ ನಾವೇ ಗೈಡಾದೆವು. ಫಲಿತಾಂಶ ಚೆನ್ನಾಗಿ ಬಂತು, ಬೆನ್ನು ತಟ್ಟಿಸಿಕೊಂಡೆವು. ಒಂದೇ ಒಂದು ಸಲವೂ 'ಐದು ನಿಮಿಷ ಸುಮ್ಮನೆ ಕೇಳಿ, ಆಮೇಲೆ ನಿಮಗೆ ತಿಳಿದಷ್ಟು ಬರೆಯಿರಿ' ಎಂದು ಹೇಳಲಿಲ್ಲ. 2006ರಲ್ಲಿ ತಮಿಳು ಕಲಿಕೆಯ ಕಾಯ್ದೆ ಬಂದು, 2006-07ರಲ್ಲಿ ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ಮೆಟ್ಟಿಲು ಹತ್ತಿ 2015-16ಕ್ಕೆ ಹತ್ತನೆಯದನ್ನು ಮುಟ್ಟಿತು. ಆಗ ನಮ್ಮವರೆಲ್ಲ ಭಾಷೆಯ ಹೊರೆ ಎಂದು ಕೊರಗಿದೆವು. ಕೊರಗಿಗೆ ಕಾರಣವಿತ್ತು, ಇಲ್ಲ ಎನ್ನುವುದಿಲ್ಲ. ಆದರೆ ನಾಲ್ಕು ಭಾಷೆ ಕಿವಿಗೆ ಬೀಳುವ ಮಗುವಿಗೆ ಬೆಂಗಳೂರಿನ ಮಗುವಿಗಿಲ್ಲದ ಯಾವುದೋ ಒಂದು ಶಕ್ತಿ ಇರಬಹುದು ಎಂದು ನಾವು ಯೋಚಿಸಿದ್ದು ಬಹಳ ತಡವಾಗಿ, ಟೊಮೇಟೊ ಲೆಕ್ಕದ ಪುಟ ನೋಡಿದ ಮೇಲೆ.

ಅಂದು ಆಕೆಯನ್ನು ಕೂರಿಸಿಕೊಂಡು ಮಂಡಿಯಲ್ಲಿ ಹೇಗೆ ಬರೆದುಕೊಳ್ಳುತ್ತೀಯಮ್ಮ ಎಂದು ಕೇಳಿದೆವು. "ಅದೇನ್ ಸಾರ್, ಅವರು ಹೇಳಿದ್ದೆಲ್ಲಾ ಬರೀತಾರಾ? ದರ ಹೇಳೋವಾಗ ಕಿವಿ ಕೊಟ್ರೆ ಸಾಕು" ಎಂದಳು. ಹಾಗಾದರೆ ಕಾಲೇಜಿನಲ್ಲೂ ದರ ಹೇಳುವ ಹೊತ್ತು ಒಂದಿರುತ್ತದೆ, ಅದಕ್ಕೆ ಕಾದುಕೂತಿರು ಎಂದೆವು. ಉಪನ್ಯಾಸಕರು ದನಿ ಏರಿಸಿದಾಗ, ಒಂದೇ ಮಾತನ್ನು ಎರಡು ಸಲ ಹೇಳಿದಾಗ, ಬೋರ್ಡಿನ ಕಡೆ ತಿರುಗಿದಾಗ, 'ಫಾರ್ ಎಕ್ಸಾಂಪಲ್' ಎಂದಾಗ. ಆ ಇಂಗ್ಲಿಷ್ ಪದವನ್ನು ಹಾಗೇ ಹಿಡಿ, ಉಳಿದದ್ದನ್ನು ನಿನ್ನ ಮಾತಿನಲ್ಲಿ ಬರಿ. ತೆಲುಗು ಬಂದರೆ ತೆಲುಗು. ನೋಟ್ಸು ನಿನ್ನದು, ತಿದ್ದುವವರು ಯಾರೂ ಇಲ್ಲ. ರಾತ್ರಿ ಮಲಗುವ ಮುಂಚೆ ಪಠ್ಯಪುಸ್ತಕ ಇಟ್ಟುಕೊಂಡು ಪಕ್ಕಾ ಮಾಡು. ಅಪ್ಪನಿಗೆ, "ಒಂದು ವರ್ಷ ತಡೆಯಪ್ಪಾ, ಮಂಡಿ ಎಲ್ಲಿಗೂ ಓಡಿಹೋಗಲ್ಲ" ಎಂದು ಹೇಳಿ ಕಳಿಸಿದೆವು. ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. "ನೋಡೋಣ ಸಾರ್" ಎಂದರು.

ಅಲ್ಲಿಂದ ನಮ್ಮ ಶಾಲೆಯಲ್ಲಿ ಶನಿವಾರ ಒಂದು ಪೀರಿಯಡ್ ಇದಕ್ಕೇ ಇಟ್ಟಿದ್ದೇವೆ. ರೇಡಿಯೋದ ತಮಿಳು ಸುದ್ದಿ ಕೇಳಿಸಿ ಕನ್ನಡದಲ್ಲಿ ಐದು ಸಾಲು ಬರೆಸುತ್ತೇವೆ. ಕೆಲವೊಮ್ಮೆ ಊರಿನ ಹಿರಿಯರೊಬ್ಬರನ್ನು ಕರೆಸಿ ಕೆರೆಯ ಕಥೆಯೋ ಸಂತೆಯ ಕಥೆಯೋ ಹೇಳಿಸುತ್ತೇವೆ. ಅವರು ತೆಲುಗಿನಲ್ಲಿ ಹೇಳುತ್ತಾರೆ, ಮಕ್ಕಳು ಕನ್ನಡದಲ್ಲಿ ಬರೆಯುತ್ತಾರೆ. ಹೇಳುವಾಗ ಪೆನ್ನು ಕೆಳಗಿಡಬೇಕು ಎಂಬುದು ಮೊದಲ ತಿಂಗಳ ನಿಯಮ. ಮಕ್ಕಳಿಗೆ ಇದು ಬಹಳ ಕಷ್ಟವಾಯಿತು, ಬೆರಳು ಚಡಪಡಿಸುತ್ತವೆ. ಒಂದು ಸಲ ಹಳೆಯ ಸೀರೆಯ ತುಂಡಿಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು ಕಡತ ಮಾಡಲೂ ಹೊರಟೆವು. ಸರಿ ನೀರಾಯಿತು, ಬಲಪ ಜಾರಿತು, ಎಲ್ಲರ ಮೂತಿಯೂ ಕರಿಯಾಯಿತು. ಎರಡನೆಯ ಸಲ ಅಷ್ಟಿಷ್ಟು ಅಕ್ಷರ ಮೂಡಿತು.

ಆ ಹುಡುಗಿ ಮುಂದಿನ ದೀಪಾವಳಿಗೂ ಬಂದಳು. ಎರಡನೆಯ ವರ್ಷದ ನೋಟ್‌ಬುಕ್ಕು, ಪುಟದ ಎಡಕ್ಕೆ ಗೆರೆ ಎಳೆದಿತ್ತು. ಹಿಂದಿನ ವರ್ಷ ಅರ್ಧಕ್ಕೆ ನಿಂತಿದ್ದ ಅದೇ ಪಾಠವನ್ನು ಹೊಸದಾಗಿ ಬರೆದುಕೊಂಡಿದ್ದಳು. ಬಲಗಡೆ ಕನ್ನಡ ಅಕ್ಷರದಲ್ಲಿ ಡಿಪ್ರಿಸಿಯೇಷನ್, ಅದರ ಮುಂದೆ 'ಸವಕಳಿ', ಕೆಳಗೆ ಒಂದು ಚಿಕ್ಕ ಲೆಕ್ಕ. ಎಡಗಡೆ ಪಟ್ಟಿಯಲ್ಲಿ ಎರಡೇ ಪದ: ಅಪ್ಪನ ಟೆಂಪೋ.